ಬರೀ ಚೀಲ ಕಳಿಸಬಾರದು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಚೀಲ ಬರುತ್ತಿದ್ದದ್ದು ಶನಿವಾರವೆಂದು ನನ್ನ ನೆನಪು. ಆದರೆ ಬೆಳಗಿನ ಸ್ಕೂಲು ಮುಗಿಸಿ ನಾನು ನಿಜವಾಗಿ ಬಸ್‌ ಸ್ಟ್ಯಾಂಡಿಗೆ ಓಡುತ್ತಿದ್ದೆನೋ, ಓಡಿದರೆ ಚೆಂದವೆಂದು ಈಗ ಸೇರಿಸಿಕೊಳ್ಳುತ್ತಿದ್ದೇನೋ, ಹೇಳಲಾರೆ. ಚೀಲವಂತೂ ನಿಜ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಈಗಲೂ ನೇತುಬಿದ್ದಿದೆ. ಕಂದು ಗೆರೆಗಳ ದಪ್ಪ ಬಟ್ಟೆ, ಒಂದು ಹಿಡಿಕೆಗೆ ಬೇರೆ ಬಣ್ಣದ ತೇಪೆ. ಕಳೆದ ವಾರ ಕುಣಿಗಲ್‌ನಿಂದ ಬಂದು ಅದನ್ನು ಖಾಲಿ ಮಾಡಿ ಒಳಗೆ ಮೂಗಿಟ್ಟೆ. ಸಬ್ಬಸಿಗೆ ಸೊಪ್ಪಿನ ವಾಸನೆ! ಇಷ್ಟು ವರ್ಷವಾದರೂ ಹೋಗಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು. ಆಮೇಲೆ ನೆನಪಾಯಿತು, ಅದೇ ಬೆಳಿಗ್ಗೆ ನಾನೇ ಅದರಲ್ಲಿ ಎರಡು ಕಟ್ಟು ಸಬ್ಬಸಿಗೆ ಒಯ್ದಿದ್ದೆ. ನನ್ನ ನೆನಪನ್ನು ನೀವು ಎಷ್ಟು ನಂಬಬೇಕೆಂಬುದಕ್ಕೆ ಇದೇ ಅಳತೆ.

ಚೀಲ ಹೊಲಿದವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ಅವರ ಮನೆ. ತೆಂಗಿನ ಮರಗಳ ನಡುವೆ, ಬಚ್ಚಲ ನೀರು ಹರಿಯುವ ಕಡೆಯಲ್ಲೆಲ್ಲ ಏನಾದರೊಂದು ಊರುತ್ತಿದ್ದರು. ಸಬ್ಬಸಿಗೆ, ದಂಟು, ಹೀರೆ, ಸೋರೆ, ಬೇಲಿಗೆ ನುಗ್ಗೆ, ಮೂಲೆಯಲ್ಲಿ ಎರಡು ಪಪ್ಪಾಯಿ. ಅದೆಲ್ಲ ವಾರಕ್ಕೊಮ್ಮೆ ಚೀಲದಲ್ಲಿ ಕೂತು ತುಮಕೂರಿಗೆ ಬರುತ್ತಿತ್ತು. ಬೆಳಗಿನ ಬಸ್ಸಿನ ಕಂಡಕ್ಟರ್ ಅದನ್ನು ಡ್ರೈವರ್ ಪಕ್ಕದ ಇಂಜಿನ್ ಮೇಲೆ ಇಟ್ಟು ತರುತ್ತಿದ್ದ. ಆ ಬಿಸಿಗೆ ಸೊಪ್ಪು ಬಾಡಿರುತ್ತಿತ್ತು.

"ಅರ್ಧ ಬೇಯಿಸ್ಕೊಂಡೇ ತಂದಿದೀನಿ ಕಣವ್ವ, ನಿಮ್ಮಮ್ಮಂಗೆ ಗ್ಯಾಸ್ ಉಳೀತು" ಅನ್ನುತ್ತಿದ್ದ. ಅತ್ತೆಗೆ ಓದು ಬರಹ ಬಾರದು. ಹಾಗಾಗಿ ಅವರ ಪತ್ರವೂ ಅವನೇ. "ಪಪ್ಪಾಯಿ ಇನ್ನೂ ದೋರಗಾಯಂತೆ. ಎರಡು ದಿನ ಅಕ್ಕಿ ಡಬ್ಬದಾಗೆ ಮಡಗ್ಬೇಕಂತೆ. ಹೀರೇಕಾಯಿ ಸಿಪ್ಪೆ ಬಿಸಾಕ್ಬಾರ್ದಂತೆ. ಹಿಂದಿನ ವಾರ ಬಿಸಾಕಿದ್ರಾ ಅಂತ ಕೇಳವ್ರೆ."

ಅಮ್ಮ ಬಿಸಾಕುತ್ತಿರಲಿಲ್ಲ. ಸಿಪ್ಪೆಯನ್ನು ಹುರಿದು, ಹುಣಸೆಹಣ್ಣು, ಹಸಿಮೆಣಸಿನಕಾಯಿ ಜೊತೆ ಚಟ್ನಿ ರುಬ್ಬುತ್ತಿದ್ದಳು. ತಿರುಳು ಪಲ್ಯಕ್ಕೆ. ಸೊಪ್ಪಾದರೆ ಅಲಸಂದೆ ಕಾಳಿನ ಜೊತೆ ಬೇಯಿಸಿ, ಬಸಿದು, ಬಸಿದ ನೀರಿನಿಂದ ಸಾರು. ಉಳಿದ ಸೊಪ್ಪು-ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ, ಮೇಲೊಂದಿಷ್ಟು ಕಾಯಿತುರಿ. ಎಣ್ಣೆ ಒಂದು ಚಮಚ. ಊಟದ ಕೊನೆಗೆ ಪಪ್ಪಾಯಿ ಹೋಳು. ಇದನ್ನೆಲ್ಲ ನಾನು ಆಸೆಯಿಂದ ತಿನ್ನುತ್ತಿದ್ದೆ ಎಂದು ಬರೆಯಲು ಕೈ ತುಡಿಯುತ್ತಿದೆ. ಸುಳ್ಳು. ತಟ್ಟೆಯಂಚಿಗೆ ಪಲ್ಯ ತಳ್ಳಿ ಕೂತಿರುತ್ತಿದ್ದೆ.

"ದಿನಾ ಸೊಪ್ಪು ತಿನ್ನಕ್ಕೆ ನಾನೇನು ಮೇಕೆನಾ?"

"ಮೇಕೆ ಆಗಿದ್ರೆ ಹಾಲಾದ್ರೂ ಕೊಡ್ತಿತ್ತು. ತಿನ್ನು."

ಚೀಲ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಬೇಕಿತ್ತು. ಅಲ್ಲಿ ಅಮ್ಮನದೊಂದು ಕಟ್ಟಳೆ. "ಬರೀ ಚೀಲ ಕಳಿಸ್ಬಾರ್ದು ಕಣೇ. ಇಲ್ಲಿಗೆ ಮುಗೀತು ಅಂತ ಹೇಳಿದ ಹಾಗಾಗುತ್ತೆ." ಎಲ್ಲವನ್ನೂ ಬೆಳೆಯುವವರಿಗೆ ಏನು ಕಳಿಸುವುದು? ಅಮ್ಮನ ಲೆಕ್ಕಾಚಾರ ಸರಳ: ಅಲ್ಲಿ ಬೆಳೆಯದ್ದು. ಹಾಗಾಗಿ ಬಸ್‌ ಸ್ಟ್ಯಾಂಡ್ ಎದುರಿನ ಬೇಕರಿಯಿಂದ ಬನ್ನು, ಒಂದು ದೊಡ್ಡ ಪ್ಯಾಕೆಟ್ ರಸ್ಕು, ಬೆಣ್ಣೆ ಬಿಸ್ಕತ್ತು, ಹಬ್ಬದ ಹಿಂದೆ ಮುಂದೆಯಾದರೆ ದಿಲ್‌ಪಸಂದ್. ಕೊಳ್ಳುವ ಕೆಲಸ ನನ್ನದು. ನನ್ನ ಬಾಯಿಗೆ ರುಚಿಯಾದದ್ದನ್ನೇ ಆರಿಸುತ್ತಿದ್ದೆ, ಸಕ್ಕರೆ ಹರಳು ಉದುರಿಸಿದ್ದು ಸಿಕ್ಕರೆ ಅದು. ಕಂಡಕ್ಟರ್ ಚೀಲದ ಬಾಯಿ ಬಿಚ್ಚಿ ನೋಡಿ ನಗುತ್ತಿದ್ದ. "ಸೊಪ್ಪು ಈಸ್ಕಂಡು ಬನ್ನು ಕೊಡ್ತೀರಾ? ಚೆನ್ನಾಗೈತೆ ನಿಮ್ ಯಾಪಾರ. ಲಾಸೆಲ್ಲಾ ಅತ್ತೆಗೇಯ." ಈ ಮಾತು ಅವನು ಆಡಿದನೇ? ಮುಂದೆ ಆದದ್ದು ಗೊತ್ತಿರುವುದರಿಂದ ನಾನೇ ಅವನ ಬಾಯಲ್ಲಿ ಇಟ್ಟೆನೇ? ಬರೆದು ಅಳಿಸಿದೆ, ಮತ್ತೆ ಬರೆದಿದ್ದೇನೆ.

ಈಗ ಅಮ್ಮ ಇಲ್ಲ; ಅವಳ ಜೊತೆಗೇ ಚೀಲದ ಓಡಾಟವೂ ನಿಂತಿತು. ಅತ್ತೆ ಕುಣಿಗಲ್‌ನಲ್ಲಿ ಮಗಳು ಭಾಗ್ಯನ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಹಳೆಯದಾಗಿ, ಹೋದ ವರ್ಷ ಎಡಗಾಲಿನ ಎರಡು ಬೆರಳು ತೆಗೆದರು. ಗಾಯ ಮಾಯುವುದಕ್ಕೆ ಊಟ ಸರಿಯಿರಬೇಕೆಂದು ಆಸ್ಪತ್ರೆಯಲ್ಲಿ ಒಂದು ಚಾರ್ಟು ಕೊಟ್ಟಿದ್ದಾರೆ. ಕಳೆದ ವಾರ ಹೋದಾಗ ಅದನ್ನು ಅತ್ತೆಗೆ ಓದಿ ಹೇಳಿದೆ. ತಟ್ಟೆಯ ಅರ್ಧ ತರಕಾರಿ. ದಿನವೂ ಸೊಪ್ಪು. ಹೀರೆ, ಸೋರೆ, ನುಗ್ಗೆ. ಅಳತೆಯಲ್ಲಿ ಪಪ್ಪಾಯಿ, ಸೀಬೆ. ಎಣ್ಣೆ ಕಡಿಮೆ. ಬೇಕರಿ ತಿಂಡಿ ಬೇಡವೇ ಬೇಡ.

ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಇದೇನ್ಲೇ, ನಮ್ ಹಿತ್ತಲನ್ನೇ ನೋಡ್ಕಂಡು ಬರ್ದವ್ರೆ!"

ಚೀಲದಿಂದ ನಾನು ತಂದ ಸಬ್ಬಸಿಗೆ ತೆಗೆದು ಕೊಟ್ಟೆ. ಮೂಸಿ ನೋಡಿ ಮುಖ ಸಿಂಡರಿಸಿದರು. "ವಾಸ್ನೇನೇ ಇಲ್ವಲ್ಲೇ. ಇದನ್ನ ಫೋಟೋದಿಂದ ಕಿತ್ಕೊಂಡ್ ಬಂದ್ಯಾ?"

ಆದರೂ ಅಮ್ಮ ಮಾಡುತ್ತಿದ್ದಂತೆಯೇ ಬೇಯಿಸಿ, ಬಸಿದು ಸಾರು, ಪಲ್ಯ ಮಾಡಿದೆ. ಅಡುಗೆಮನೆಯಲ್ಲಿ ಭಾಗ್ಯ ಸೀಬೆಹಣ್ಣು ಹೆಚ್ಚುತ್ತ, ಯಾವ ಉದ್ದೇಶವೂ ಇಲ್ಲದೆ ಹೇಳಿದಳು. "ನಮ್ಮಮ್ಮಂಗೆ ಆ ರಸ್ಕಿನ ಚಟ ಬಿಡಿಸೋದೇ ಕಷ್ಟ ಆಯ್ತು ಕಣೇ. ನೀವು ಕಳಿಸ್ತಿದ್ರಲ್ಲ, ನಮ್ಗೆ ಬನ್ನು ಕೊಟ್ಟು ರಸ್ಕು ಮಾತ್ರ ಡಬ್ಬಕ್ಕೆ ಹಾಕ್ಕೊಂಡ್‌ಬಿಡೋರು. ದಿನಾ ಬೆಳಿಗ್ಗೆ ಕಾಫೀಲಿ ಅದ್ದಿ ಎರಡು. ಮುಂದಿನ ಚೀಲ ಬರೋವರ್ಗೂ ಬರೋ ಹಾಗೆ ಎಣಿಸಿ ಇಟ್ಕೊಳ್ಳೋರು. ಚೀಲ ನಿಂತ ಮೇಲೆ ಅಂಗಡೀಲಿ ತರಿಸೋಕೆ ಶುರು ಮಾಡಿದ್ರು."

ಸೌಟು ನನ್ನ ಕೈಯಲ್ಲೇ ಉಳಿಯಿತು. ಕಾಯಿಲೆ ವಂಶದಲ್ಲೇ ಇದೆ, ನನ್ನ ತಾತನಿಗೂ ಇತ್ತು ಎಂದು ಡಾಕ್ಟರು ಹೇಳಿದ್ದಾರಂತೆ. ವಾರಕ್ಕೊಂದು ಪ್ಯಾಕೆಟ್ ರಸ್ಕು ಕಾಲಿನ ಬೆರಳು ತಿನ್ನುವುದಿಲ್ಲ. ಇದನ್ನು ನನಗೆ ನಾನೇ ಎರಡು ಸಲ ಹೇಳಿಕೊಂಡೆ. ಒಂದೇ ಸಲಕ್ಕೆ ನಂಬಿಕೆ ಬಂದಿದ್ದರೆ ಎರಡನೆಯದು ಬೇಕಾಗುತ್ತಿರಲಿಲ್ಲ.

ಅತ್ತೆ ಎರಡು ಸೌಟು ಪಲ್ಯ ಹಾಕಿಸಿಕೊಂಡು ತಟ್ಟೆ ಬಳಿದು ಉಂಡರು. ರುಚಿಯಾಗಿತ್ತೋ, ನಾನು ಮಾಡಿದೆನೆಂದು ಉಂಡರೋ ಗೊತ್ತಾಗಲಿಲ್ಲ. ಹೊರಡುವಾಗ ಗೋಡೆ ಹಿಡಿದು ಎದ್ದು ಬಂದು, ನನ್ನ ಕೈಯಿಂದ ಚೀಲ ಕಿತ್ತುಕೊಂಡು, ಭಾಗ್ಯನ ಹಿತ್ತಲಿನ ಸೀಬೆಕಾಯಿ ತುಂಬಿದರು. "ಬರೀ ಚೀಲ ತಗಂಡೋಗ್ತಾರಾ ಯಾರಾದ್ರೂ?" ಈ ಮಾತು ಅಮ್ಮನದೆಂದೇ ಇಷ್ಟು ವರ್ಷ ತಿಳಿದಿದ್ದೆ. ಬಹುಶಃ ಅಮ್ಮ ಇವರಿಂದಲೇ ಕಲಿತಿದ್ದಳು.

ಸೀಬೆಕಾಯಿಗಳನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದಾಗ ಅಡುಗೆಮನೆಯೆಲ್ಲ ಘಮಘಮ. ಒಂದನ್ನು ಸಿಪ್ಪೆಸಹಿತ ನಿಂತೇ ತಿಂದೆ. ಒಂದು ಕಾಲದಲ್ಲಿ ತಟ್ಟೆಯಂಚಿಗೆ ತಳ್ಳಿದ್ದೆಲ್ಲ ಈಗ ಬೇಕು ಅನಿಸುತ್ತದೆ, ಇಂಜಿನ್ ಬಿಸಿಗೆ ಬಾಡಿದ ಆ ಸೊಪ್ಪೂ ಕೂಡ. ಅತ್ತೆಗೆ ಫೋನ್ ಮಾಡಿ ಹಣ್ಣಾಗಿದೆ ಎಂದೆ.

"ಸಿಪ್ಪೆ ಬಿಸಾಕ್ಲಿಲ್ಲ ತಾನೆ?"

"ಇಲ್ಲ ಅತ್ತೆ." ಆಮೇಲೆ, ವಾರದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

ಆ ಕಡೆ ಪಾತ್ರೆ ಸದ್ದು ಕೇಳಿಸಿತು. "ಬುಡು ಅತ್ತಾಗೆ. ಮುಂದಿನ್ ಸಲ ದಂಟಿನ ಸೊಪ್ಪು ತಗಂಬಾ, ಎಳೇದು ನೋಡಿ" ಎಂದು ಫೋನನ್ನು ಭಾಗ್ಯನ ಕೈಗೆ ಕೊಟ್ಟರು.

ಚೀಲವನ್ನು ಮೊಳೆಯಿಂದ ತೆಗೆದಿದ್ದೇನೆ. ದಂಟಿನ ಸೊಪ್ಪು ಹುಡುಕಲು ಹೊರಡಬೇಕು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಆ ರಸ್ಕು ನಿಮಗೆ ಇಷ್ಟ ಇತ್ತಾ, ಇಲ್ಲಾ ನಾವು ಕಳಿಸಿದ್ವಿ ಅಂತ ತಿಂತಿದ್ರಾ?"