ಕೆನಡಾಕ್ಕೆ ಹೋಗದ ಪಿನ್ನುಗಳು

ಅಪ್ಪ ಬೆಂಗಳೂರು ಬಿಟ್ಟು ದೂರ ಹೋದವರಲ್ಲ. ಆದರೆ ಕೆನಡಾದ ಸೇತುವೆಗಳ ವಿಷಯ ಬಂದರೆ ಅಲ್ಲೇ ಹುಟ್ಟಿ ಬೆಳೆದವರ ಹಾಗೆ ಮಾತಾಡುತ್ತಿದ್ದರು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಪೀಣ್ಯದಲ್ಲಿ ಶೆಡ್ ಹಿಡಿದು, ಎರಡು ಲೇತು, ಒಂದು ಗ್ರೈಂಡಿಂಗ್ ಮಷೀನು ಹಾಕಿಕೊಂಡಿದ್ದರು. ಬಿಲ್ಲು, ಮೇಲ್ ನೋಡಿಕೊಳ್ಳುವುದು ನನ್ನ ಕೆಲಸ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಸಾಕು, ಅವರ ಮೊಬೈಲಿನಲ್ಲಿ ಸೇತುವೆ ಶುರು. ಹೆಪ್ಪುಗಟ್ಟುವ ಸಮುದ್ರದ ಮೇಲೆ ಮೈಲುಗಟ್ಟಲೆ ಉದ್ದಕ್ಕೆ ಕಟ್ಟಿದ್ದು, ಅದರ ಕಂಬಗಳಿಗೆ ಐಸು ಒಡೆಯಲೆಂದೇ ಕೂರಿಸಿದ ಕಾಂಕ್ರೀಟಿನ ಶಂಕುಗಳು. ಮನೆಯಂತೆ ಮರದ ಛಾವಣಿ ಹೊದ್ದ ಹಳೆಯದೊಂದು. ಕ್ವಿಬೆಕ್‌ನದಂತೂ ನನಗೆ ಬಾಯಿಪಾಠವಾಗಿತ್ತು. ಕಟ್ಟುವಾಗಲೇ ಎರಡು ಸಲ ಬಿದ್ದು, ಎಷ್ಟೋ ಕೆಲಸಗಾರರನ್ನು ನುಂಗಿ, ಮೂರನೆಯ ಸಲ ನಿಂತ ಸೇತುವೆ ಅದು. "ಇವತ್ತಿಗೂ ರೈಲು ಓಡಾಡುತ್ತೆ ಕಣಮ್ಮ" ಎಂದು ಅಪ್ಪ ಮುಗಿಸುವ ಹೊತ್ತಿಗೆ ಅನ್ನ ಆರಿಹೋಗಿರುತ್ತಿತ್ತು.

ಅಂಥವರಿಗೆ ಆ ದೇಶದ್ದೇ ಕೆಲಸ ಬಂತು. ಅಲ್ಲಿನ ಯಾವುದೋ ನದಿಯ ಹಳೆಯ ಸೇತುವೆ ರಿಪೇರಿಯಲ್ಲಿತ್ತು. ಉಕ್ಕಿನ ತೊಲೆಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವ ದಪ್ಪ ಪಿನ್ನುಗಳನ್ನು ಮಾಡಿಕೊಡಲು ಜಿಗಣಿಯ ಕಂಪನಿಯೊಂದು ನಮಗೆ ಹೇಳಿತು. ಲಾಭ ಅಷ್ಟಕ್ಕಷ್ಟೇ. ಅಪ್ಪನಿಗೆ ಬೇಕಿದ್ದದ್ದು ಒಂದೇ, ತಮ್ಮ ಕೈಯಿಂದಾದ ಒಂದು ತುಂಡು ಕೆನಡಾದ ಸೇತುವೆಯೊಳಗೆ ಕೂರಬೇಕು. ಬೆವರು ತಾಗಿದರೆ ತುಕ್ಕು ಹಿಡಿಯುತ್ತದೆಂದು ಮುಗಿದ ಪಿನ್ನುಗಳಿಗೆ ಎಣ್ಣೆ ಬಳಿದು, ನನ್ನನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಷೀನುಗಳಿಗೆ ಬಾಳೆಕಂದು, ಚೆಂಡುಹೂವು ಕಟ್ಟಿದೆವು. ಪಿನ್ನುಗಳನ್ನು ಕೆಂಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆವು. ಆದರೆ ಎಣ್ಣೆಯ ಮೇಲೆ ಕುಂಕುಮ ನಿಲ್ಲಲಿಲ್ಲ, ಜಾರಿಹೋಯಿತು. ಅಪ್ಪ ಒಂದೊಂದು ಪಿನ್ನಿನ ಎಣ್ಣೆಯನ್ನೂ ಥಿನ್ನರ್ ಹಾಕಿ ಒರೆಸಿ ತೆಗೆದು, ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ ಇಟ್ಟರು. ಪೂಜೆಯಾಗದೆ ಮಾಲು ಹೊರಡುವುದುಂಟೇ? ನಮ್ಮಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ. ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲ, ಅದರ ಬೆನ್ನಿಗೇ ಭಾನುವಾರ. ಕಡಲೆಪುರಿ ಹಂಚಿ, ಶೆಡ್ಡಿಗೆ ಬೀಗ ಹಾಕಿ ಬಂದೆವು. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು.

ಸೋಮವಾರ ಕುಂಕುಮ ಒರೆಸಿದರೆ ಪ್ರತಿ ಬೊಟ್ಟಿನ ಅಡಿಯಲ್ಲೂ ತುಕ್ಕು. ಉಜ್ಜಿದರೆ ಬಣ್ಣ ಹೋಯಿತು, ಉಗುರಿಗೆ ಸಿಗುವ ಗುಳಿ ಉಳಿಯಿತು. ಇನ್ನಷ್ಟು ಹೆರೆದರೆ ಅಳತೆ ಕಡಿಮೆಯಾಗುತ್ತದೆ. ಪರೀಕ್ಷಿಸಲು ಜಿಗಣಿಯ ಕಂಪನಿಯಿಂದ ಬಂದ ಎಂಜಿನಿಯರ್ ಮೊದಲು ನಮ್ಮ ದೇವರ ಫೋಟೋಗೆ ಕೈಮುಗಿದರು, ಆಮೇಲೆ ಪಿನ್ನುಗಳನ್ನು ತಿರುಗಿಸಿ ನೋಡಿದರು.

"ಪೂಜೆ ಮಾಡಿದ್ದು ತಪ್ಪು ಅನ್ನಲ್ಲ ಸಾರ್. ಆದ್ರೆ ಇದನ್ನ ಸೇತುವೆಗೆ ಹಾಕಕ್ಕಾಗಲ್ಲ."

"ಗೊತ್ತು. ನಾನಾಗಿದ್ರೂ ರಿಜೆಕ್ಟ್ ಮಾಡ್ತಿದ್ದೆ" ಎಂದರು ಅಪ್ಪ.

ನನಗೆ ಮಾತ್ರ ಮೈಯೆಲ್ಲ ಉರಿಯಿತು. ಕೋಪ ಯಾರ ಮೇಲೆ ಮಾಡಿಕೊಳ್ಳಲಿ? ಅಪ್ಪನ ಮೇಲೆ ಆಗಲಿಲ್ಲ, ದೇವರ ಮೇಲೆ ಮಾಡಿಕೊಂಡೆ. ಅದರಿಂದ ಏನೂ ಸಿಗಲಿಲ್ಲ. ಅಪ್ಪ ಹೊಸ ಕೆಲಸ ಹಿಡಿಯುವುದನ್ನೇ ಬಿಟ್ಟರು, ವರ್ಷ ತುಂಬುವುದರೊಳಗೆ ಶೆಡ್ ಖಾಲಿ ಮಾಡಿದೆವು.

ಆ ಪಿನ್ನುಗಳನ್ನು ಕೊನೆಗೆ ಮಾಡಿಕೊಟ್ಟವರು ನಮ್ಮ ಹಿಂದಿನ ರಸ್ತೆಯ ಶೆಡ್ಡಿನವರು, ಅಪ್ಪನ ಹಳೆಯ ಸಹೋದ್ಯೋಗಿ. ಒಂದು ಸಂಜೆ ಮೈಸೂರು ಪಾಕು ಹಿಡಿದು ದಾಸರಹಳ್ಳಿಯ ನಮ್ಮ ಮನೆಗೆ ಬಂದರು. ಸೇತುವೆ ಮತ್ತೆ ತೆರೆದಿದೆಯೆಂದು ಫೋಟೋ ತೋರಿಸಿದರು. ಹಿಮ, ಬೂದುಬಣ್ಣದ ನದಿ, ಕಪ್ಪು ತೊಲೆಗಳು. ಅಪ್ಪ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ತೊಲೆಗಳು ಕೂಡುವ ಜಾಗವನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿ ಕೂತಿದೆ" ಎಂದು ಫೋನ್ ಹಿಂದಿರುಗಿಸಿದರು. ಮೈಸೂರು ಪಾಕನ್ನೂ ತಿಂದರು.

ಅವರು ಹೋದ ಮೇಲೆ ನಾನು ಒಳಗೆ ಲೋಟ ತೊಳೆಯುತ್ತಿದ್ದೆ. ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಮ್ದೂ ಅದೇ ಅಳತೆ ಇತ್ತು ಕಣಮ್ಮ" ಎಂದರು.