ಸಾಕ್ಷಿಯ ನೆರಳು

ಮೊದಲು ಸಂಗತಿಗಳನ್ನು ಕ್ರಮವಾಗಿ ಹೇಳಿಬಿಡುತ್ತೇನೆ.

೧. ಬೇವೂರಿನಾಚೆಯ ಗುಡ್ಡದಿಂದ ಹರಿದುಹೋಗುವ ನೀರನ್ನು ಕೆಳಗಿನ ಕೆರೆಗೆ ತಿರುಗಿಸುವ ಕಾಲುವೆಗೆ ಹೈದರಾಬಾದಿನಿಂದ ಮಂಜೂರಿ ಬಂತು. ಕೆಲಸದ ಉಸ್ತುವಾರಿ ಇಂಜಿನಿಯರನಾದ ನನ್ನದು.

೨. ಕಾಲುವೆಯ ದಾರಿಯಲ್ಲಿ ಮೂರು ಬಗೆಯ ನೆಲವಿದೆ. ಗುಡ್ಡದ ಬುಡದಲ್ಲಿ ಕೆಂಪು ಮಸಾರಿ, ನಡುವೆ ಕಲ್ಲು ಬೆರೆತ ಗರಸು, ಅಲ್ಲಿಂದ ಕೆರೆಯವರೆಗೂ ಕಪ್ಪು ಎರೆ.

೩. ಗಂಗಾವತಿಯಿಂದ ಬಂದ ಗುತ್ತೇದಾರನೊಬ್ಬ ಗರಸಿಗೆ ಗುದ್ದಲಿ ಹಾಕಿಸಿ ನೋಡಿ, ಕೈ ಮುಗಿದು ಹಿಂದಿರುಗಿದ. ಅವನ ಆಳುಗಳಿಗೆ ಗದ್ದೆಯ ಮಣ್ಣಷ್ಟೇ ಗೊತ್ತು.

೪. ಮೂರೂ ನೆಲವನ್ನು ಅಗೆದು ರೂಢಿಯಿರುವ ತಂಡ ಈ ಸೀಮೆಯಲ್ಲಿ ಒಂದೇ. ಅದು ಯಲಬುರ್ಗಾ ಕಡೆಯ ಹನುಮಪ್ಪನದು. ಆದರೆ ಅವನು ಕಳೆದ ವರ್ಷದಿಂದ ಯಾವ ಕೆಲಸವನ್ನೂ ಹಿಡಿದಿರಲಿಲ್ಲ.

೫. ಈ ಬೇಸಿಗೆಯಲ್ಲೂ ಕೆಲಸ ಹಿಡಿಯದಿದ್ದರೆ ಅವನ ತಂಡದ ಮನೆಗಳೆಲ್ಲ ಊರು ಬಿಟ್ಟು ಚದುರಿಹೋಗುವುದರಲ್ಲಿದ್ದವು.

ಉಳಿದದ್ದನ್ನು ಹೀಗೆ ಅಂಕಿ ಹಾಕಿ ಹೇಳಲು ನನಗೆ ಬರುವುದಿಲ್ಲ…

ಹೇಳಿ ಕಳಿಸಿದ್ದಕ್ಕೆ ಹನುಮಪ್ಪ ಬಂದ. ಜೊತೆಗೆ ಅವನ ಅಕ್ಕ ಯಲ್ಲವ್ವ. ತಂಡದ ಹೆಂಗಸರನ್ನು ನಡೆಸುವವಳು ಆಕೆಯೇ. ಗುಡ್ಡದ ಬುಡದಿಂದ ಕಾಲುವೆಯ ಗುರುತು ಹಿಡಿದು ಮೂವರೂ ನಡೆದೆವು.

ಗಾಳಿ ಜೋರಾಗಿತ್ತು. ನನ್ನ ಹ್ಯಾಟು ಹಾರಿದಾಗಲೆಲ್ಲ ಯಲ್ಲವ್ವ ಓಡಿ ಹಿಡಿದು ತಂದುಕೊಡುತ್ತಿದ್ದಳು.

“ಸಾಹೇಬ್ರ, ಟೊಪಿಗಿ ಮ್ಯಾಲ ಒಂದು ಕಲ್ಲಿಡ್ರಿ. ಕಾಲುವಿಕಿಂತ ಮೊದ್ಲ ಅದ ಕೆರಿ ಮುಟ್ಟತೈತಿ.”

ನಾನು ನಕ್ಕೆ. ಹನುಮಪ್ಪ ನಗಲಿಲ್ಲ.

ಮಸಾರಿಯನ್ನು ನೋಡಿ ಒಪ್ಪಿದ. ಗರಸಿಗೂ ಒಪ್ಪಿದ. ನೆಲ ಕಪ್ಪಾಗುವಲ್ಲಿ ಮಾತ್ರ ನಿಂತುಬಿಟ್ಟ.

“ಇಲ್ಲಿಂದ ಮುಂದ ನಾ ಬರೂದಿಲ್ರಿ.”

ದರಕ್ಕಾಗಿ ಎಳೆದಾಡುತ್ತಿದ್ದಾನೆ ಎಂದುಕೊಂಡು, ಎರೆಗೆ ಬೇರೆ ದರವಿದೆ ಎಂದೆ. ಅವನಿಗೆ ಅದು ಕೇಳಿಸಿದಂತೆ ತೋರಲಿಲ್ಲ. ಚಪ್ಪಲಿಯ ತುದಿಯೂ ಆ ಮಣ್ಣಿಗೆ ತಾಗದಂತೆ ನಿಂತಿದ್ದ.

ಆಮೇಲೆ ಕಾರಣವನ್ನು ಯಲ್ಲವ್ವ ಹೇಳಿದಳು. ಅದಕ್ಕೆ ಮುಂಚೆ, ಮಣ್ಣಿನ ಕೆಲಸ ಕಾಣದ ಗೆಳೆಯರಿಗಾಗಿ ಒಂದು ವಿವರಣೆ ಅಗತ್ಯ.

ಅಗೆಯುವಾಗ ಗುಂಡಿಯ ನಡುವೆ ಅಲ್ಲಲ್ಲಿ ಒಂದು ಮಣ್ಣಿನ ಕಂಬವನ್ನು ಅಗೆಯದೆ ಬಿಡುತ್ತಾರೆ. ಅದರ ನೆತ್ತಿಯಲ್ಲಿ ಹೊಲದ ಹುಲ್ಲು ಹಾಗೆಯೇ ಇರುತ್ತದೆ. ಎಷ್ಟು ಆಳ ಅಗೆದಿದ್ದಾರೆ ಎಂಬುದು ಅದರ ಎತ್ತರದಿಂದ ತಿಳಿಯುತ್ತದೆ, ಹಣ ಸಿಗುವುದು ಆ ಆಳದ ಲೆಕ್ಕಕ್ಕೆ. ಅದಕ್ಕೆ ‘ಸಾಕ್ಷಿ’ ಎನ್ನುತ್ತಾರೆ. ಅಳತೆಯವರು ಬಂದುಹೋಗುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ.

ನೆತ್ತಿಗೆ ಮಣ್ಣು ಮೆತ್ತಿ ಸಾಕ್ಷಿಯನ್ನು ಎತ್ತರಿಸುವ ಗುತ್ತೇದಾರರನ್ನು ನಾನು ಕಂಡಿದ್ದೇನೆ. ಹನುಮಪ್ಪನ ಸಾಕ್ಷಿಯ ಮೇಲೆ ಹುಲ್ಲು ಕೂಡ ಅಲುಗಿರುವುದಿಲ್ಲ ಎಂಬ ಮಾತು ಕುಷ್ಟಗಿಯವರೆಗೂ ಇತ್ತು.

ಕಳೆದ ವರ್ಷ ಕುಷ್ಟಗಿ ಕಡೆಯ ಎರೆ ಹೊಲಗಳಲ್ಲೇ ಅವನ ಕೆಲಸ ನಡೆದಿತ್ತಂತೆ. ಅಳತೆಯವರು ಬರುವುದು ತಡವಾಯಿತು. ನಡುವೆ ಮಳೆ ಬಿತ್ತು, ಮತ್ತೆ ಬಿಸಿಲು ಬಂತು. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಆ ಬಯಲಿನಲ್ಲಿ ಮರವಿಲ್ಲ. ಹೊತ್ತು ವಾಲಿದ ಮೇಲೆ ಸಾಕ್ಷಿಯ ನೆರಳೊಂದೇ ನೆರಳು. ಹನುಮಪ್ಪನ ಹೆಂಡತಿ ದುರುಗವ್ವ ದಿನವೂ ಅಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಕಂಬ ಬಿರುಕು ಬಿಟ್ಟದ್ದನ್ನು ಮೊದಲು ಕಂಡವಳೂ ಅವಳೇ. ಕೆಡವಿಬಿಡೋಣ ಎಂದು ಗಂಡನಿಗೆ ಹೇಳಿದಳು.

ಮುಂದಿನದನ್ನು ಹನುಮಪ್ಪನೇ ಹೇಳಿದ, ನನ್ನ ಕಡೆ ನೋಡದೆ.

“ಬ್ಯಾಡ ಅಂದೆ. ಸಾಕ್ಷಿ ಕೆಡವಿದ್ರ ಮಂದಿ ನಮ್ಮನ್ನ ಕಳ್ಳರು ಅಂತಾರ ಅಂದೆ. ಮರುದಿನಾನೂ ಆಕಿ ಅದರ ಬುಡಕ್ಕ ಕುಂತಿದ್ಲು… ನಾವು ಮಣ್ಣು ತಗಿಯೂದ್ರಾಗ ಮುಗದಿತ್ರಿ.”

ಅಷ್ಟೆತ್ತರದ ಎರೆಯ ಕಂಬ ಎಷ್ಟು ತೂಗುತ್ತದೆ ಎಂದು ನಾನು ಲೆಕ್ಕ ಹಾಕಬಲ್ಲೆ. ಆ ಕ್ಷಣದಲ್ಲಿ ಮನಸ್ಸು ತಾನಾಗಿಯೇ ಹಾಕಿತು. ನನ್ನ ಬಗ್ಗೆ ನನಗೇ ಅಸಹ್ಯವೆನಿಸಿತು.

ಸಮಾಧಾನ ಹೇಳುವುದು ನನಗೆ ಒಲಿದು ಬಂದ ವಿದ್ಯೆಯಲ್ಲ. ತಿಳಿದದ್ದನ್ನು ಹೇಳಿದೆ. ಅಗೆಯುವ ಮೊದಲೊಮ್ಮೆ, ಅಗೆದ ಮೇಲೊಮ್ಮೆ ಲೆವೆಲ್ ಯಂತ್ರವಿಟ್ಟು ನೆಲದ ಎತ್ತರ ತೆಗೆದುಕೊಂಡರೆ ಆಳ ತಾನಾಗಿ ತಿಳಿಯುತ್ತದೆ, ಅಳೆಯುವವರಿಗೆ ಕೆಲಸ ಹೆಚ್ಚು ಅಷ್ಟೇ, ಈ ಎರೆಯಲ್ಲಿ ಸಾಕ್ಷಿಯನ್ನೇ ಬಿಡುವುದು ಬೇಡ ಎಂದೆ.

ಅವನು ಪೂರ್ತಿ ಕೇಳಿಸಿಕೊಂಡ.

“ಸಾಕ್ಷಿ ಇಲ್ದನೂ ಅಳೀಬಹುದೇನ್ರಿ?”

ಹೌದು ಎಂದೆ.

“ಅವಾಗೂ ಅಳೀಬಹುದಿತ್ತೇನ್ರಿ?”

ಅವನು ಏನು ಕೇಳುತ್ತಿದ್ದಾನೆ ಎಂಬುದು ನನಗೆ ಆಗ ಹೊಳೆಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದು ಎಂದೆ.

ಹನುಮಪ್ಪ ಇದ್ದಲ್ಲೇ ಕುಳಿತ, ಗರಸಿನ ಮೇಲೆ. ಯಲ್ಲವ್ವ ತಲೆಯ ಮೇಲಿನ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಈಗಲೂ ಆ ಪ್ರಶ್ನೆ ಕಿವಿಯಲ್ಲಿದೆ. ನಾನು ಬೇರೇನಾದರೂ ಹೇಳಬಹುದಿತ್ತೇ ಎಂದು ಯೋಚಿಸುತ್ತೇನೆ, ಏನೂ ತೋಚುವುದಿಲ್ಲ.

ತುಸು ಹೊತ್ತಾದ ಮೇಲೆ ಯಲ್ಲವ್ವ ತಮ್ಮನ ಭುಜ ಮುಟ್ಟಿದಳು. “ಏಳೋ ತಮ್ಮಾ. ಮಂದಿ ಹೊಟ್ಟಿ ನೋಡು. ನೀ ಒಲ್ಲೆ ಅಂದ್ರ ಎಲ್ಲಾರೂ ಒಂದೊಂದು ದಿಕ್ಕಿಗೆ ಹೋಗ್ತಾರ.”

“ಮಂದೀನ ನೀ ಕರ್ಕೊಂಡು ಹೋಗಕ್ಕ. ಈ ಮಣ್ಣಾಗ ಕಾಲಿಡಾಕ ನನ್ನ ಕೈಲೆ ಆಗೂದಿಲ್ಲ.”

ಆಕೆ ನನ್ನ ಕಡೆ ನೋಡಿದಳು. ಒಂದು ಕಾಲುವೆಗೆ ಒಬ್ಬನೇ ಗುತ್ತೇದಾರ ಎಂಬುದು ಕಚೇರಿಯ ರೂಢಿ. ಹೆಂಗಸಿನ ಹೆಸರಿಗೆ ಗುತ್ತಿಗೆ ಬರೆದದ್ದನ್ನು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿಲ್ಲ. ಮೇಲಿನವರು ಕಾರಣ ಕೇಳದೆ ಬಿಡುವುದಿಲ್ಲ.

ಕೇಳಲಿ. ಮಸಾರಿ ಮತ್ತು ಗರಸಿನ ಕೆಲಸವನ್ನು ಹನುಮಪ್ಪನಿಗೂ ಎರೆಯ ಕೆಲಸವನ್ನು ಯಲ್ಲವ್ವನಿಗೂ ಕೊಟ್ಟಿದ್ದೇನೆ. ಎರೆಯಲ್ಲಿ ಒಂದೂ ಸಾಕ್ಷಿ ಬಿಡಕೂಡದು, ಅಳತೆ ನಾನೇ ಮಾಡುತ್ತೇನೆ.