ಮುಂಗುಸಿ ಇಲ್ಲದ ಫೋಟೋ

ನಮ್ಮ ಸೋದರಮಾವ ಹಾಲು ತರಲು ಹೊರಟರೂ ಕೊರಳಲ್ಲಿ ಕ್ಯಾಮೆರಾ ಇರಲೇಬೇಕು. ಗೋಡೆಯ ಮೇಲೊಂದು ಓತಿಕ್ಯಾತ ಕಂಡರೆ ಸಾಕು, "ಶ್! ಯಾರೂ ಉಸಿರು ಬಿಡಬೇಡಿ" ಅಂತ ಬೀದಿಯನ್ನೇ ನಿಲ್ಲಿಸುತ್ತಿದ್ದರು, ಸೈಕಲ್ಲಿನವರೂ ಕಾಲೂರಿ ಕಾಯಬೇಕು. ಮಾವ ನಾಲಿಗೆ ಕಚ್ಚಿಕೊಂಡು ಗುಂಡಿ ಒತ್ತುವಷ್ಟರಲ್ಲಿ ಓತಿಕ್ಯಾತ ಪರಾರಿ. ರೀಲು ತೊಳೆಸಿ ತಂದ ದಿನ ಬರೀ ಗೋಡೆ ತೋರಿಸಿ, "ಈಗಷ್ಟೇ ಇಲ್ಲಿತ್ತು ಅಕ್ಕಾ" ಅನ್ನುವರು. "ನಿನ್ನ ಕ್ಯಾಮೆರಾ ಕಂಡರೆ ಆಮೆಯೂ ಓಡುತ್ತೆ ಕಣೋ" ಅನ್ನುವಳು ಅಮ್ಮ. ಆದರೂ ಒಂದನ್ನೂ ಬಿಸಾಡದೆ ಆಲ್ಬಮ್ಮಿಗೆ ಅಂಟಿಸಿ, ಕೆಳಗೆ 'ಮರಕುಟಿಗ', 'ಮುಂಗುಸಿ' ಅಂತ ಬರೆದಿಡುತ್ತಿದ್ದರು. ಅಮ್ಮ ತೀರಿಕೊಂಡಾಗ ಗೋಡೆಗೆ ಹಾಕಲು ಅವಳು ನಗುವ ಫೋಟೋ ಒಂದೂ ಸಿಗಲಿಲ್ಲ. ಸ್ಟುಡಿಯೋದವುಗಳಲ್ಲೆಲ್ಲ ಬಿಗಿದ ಮುಖ. ಮಾವ ಆಲ್ಬಮ್ ತಂದು 'ಮುಂಗುಸಿ' ತೆಗೆದರು. ಅದರಲ್ಲಿ ಮುಂಗುಸಿ ಇರಲಿಲ್ಲ. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಅಮ್ಮ, ತಮ್ಮನ ಪಾಡು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.